ನೀಲಿ ಬಾರದ ಗುರುವಾರಗಳು

ಜೂನ್ 3, ಸೋಮವಾರ

ಲ್ಯಾಬಿನ ದಾಖಲೆ ಪುಸ್ತಕದಲ್ಲಿ ‘ಥೂ’ ಎಂದು ಬರೆಯಬಾರದಂತೆ. ಇವತ್ತು ನನ್ನ ಗೈಡ್ ಉಮಾಶ್ರೀ ಮೇಡಂ ಆ ಪುಟವನ್ನು ನನ್ನ ಮೂಗಿನ ಮುಂದೆ ಹಿಡಿದು, “ಇದು ವಿಜ್ಞಾನದ ಪುಸ್ತಕ. ಸಿಟ್ಟು ಬರಿಯಾಕ ಬ್ಯಾರೆ ಬುಕ್ಕು ತಗೋ” ಅಂದರು. ತಗೊಂಡೆ. ಮಾಳಮಡ್ಡಿಯ ಅಂಗಡಿಯಲ್ಲಿ ಸಿಕ್ಕಿದ್ದು ಇದೊಂದೇ. ರಟ್ಟಿನ ಮೇಲೆ ಎರಡು ಬಾತುಕೋಳಿಗಳ ಚಿತ್ರವಿದೆ. ಇನ್ನು ಮೇಲೆ ನನ್ನ ಸಿಟ್ಟೆಲ್ಲ ಆ ಬಾತುಕೋಳಿಗಳ ಪಾಲಿಗೆ.

ಸಿಟ್ಟಿಗೆ ಕಾರಣ ನಾವು ಪೇಪರು ಕಳಿಸಿದ್ದ ವಿಜ್ಞಾನ ಪತ್ರಿಕೆಯವರು. ಕೆಲಸ ಬಹಳ ಚೆನ್ನಾಗಿದೆ, ಆದರೆ ಹೊಸದಾಗಿ ತಯಾರಿಸಿದ ಲೆಕ್ಟಿನ್‌ನಿಂದ ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿ ತೋರಿಸಿ ಅಂತ ಬರೆದಿದ್ದಾರೆ. ‘ಆದರೆ’ ಎನ್ನುವ ಶಬ್ದ ಹುಟ್ಟಿಸಿದವನು ಕೈಗೆ ಸಿಗಬೇಕು. ಮೇಡಂ ಈ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ಈ ಕೋಣೆ ಮಣ್ಣಿನ ಬೂಷ್ಟಿನ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರರಿಗೆ. ಅವರು ಈಗಾಗಲೇ ಬಂದು ನಮ್ಮ ಫ್ರಿಜ್ಜಿನ ಉದ್ದಗಲ ಅಳತೆ ಮಾಡಿಕೊಂಡು ಹೋಗಿದ್ದಾರೆ. ಅಷ್ಟರೊಳಗೆ ಮೂರು ಸಲ ನೀಲಿ ಬಂದರೆ ನನ್ನ ಪಿಎಚ್‌ಡಿ ಮೇಡಂ ಕೈಯಲ್ಲೇ ಮುಗಿಯುತ್ತದೆ. ಬರದಿದ್ದರೆ ಇಷ್ಟು ವರ್ಷದ ಕೆಲಸ ಬೂಷ್ಟಿನ ಬಾಯಿಗೆ.

ನೀಲಿ ಅಂದರೆ ಏನೆಂದು ಬಾತುಕೋಳಿಗಳಿಗೆ ಹೇಳಬೇಕು. ನಮ್ಮ ಮೈಯ ಕೋಶಗಳ ಹೊರಮೈಯಲ್ಲಿ ಪ್ರೋಟೀನುಗಳಿವೆ. ಅವುಗಳ ಮೇಲೆ ಸಕ್ಕರೆಯ ಸಣ್ಣ ಸಣ್ಣ ಟೊಂಗೆಗಳಿರುತ್ತವೆ. ಇಂಥ ಟೊಂಗೆ ಹೊತ್ತ ಪ್ರೋಟೀನೇ ಗ್ಲೈಕೊಪ್ರೋಟೀನ್. ಕೋಶ ಕೆಟ್ಟು ಕ್ಯಾನ್ಸರಿನ ದಾರಿ ಹಿಡಿದಾಗ ಟೊಂಗೆಗಳ ಆಕಾರವೂ ಬದಲಾಗುತ್ತದೆ. ಅವರೆಕಾಳಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿಗೆ ಸಕ್ಕರೆ ಕಂಡರೆ ಗಪ್ಪನೆ ಹಿಡಿಯುವ ಚಟ. ಅದು ಟೊಂಗೆ ಹಿಡಿದ ಕಡೆ ನೀಲಿ ಬಣ್ಣ ಬರುವ ಹಾಗೆ ನಾವು ಏರ್ಪಾಡು ಮಾಡಿರುತ್ತೇವೆ. ಪ್ಲೇಟಿನಲ್ಲಿ ಕೆಟ್ಟ ಕೋಶ ಹಾಕಿದ ಪುಟ್ಟ ಗುಣಿಗಳು ಕಡುನೀಲಿ ಆಗಬೇಕು, ಒಳ್ಳೆಯವು ತಿಳಿಯಾಗಿ ಉಳಿಯಬೇಕು. ಇಷ್ಟೇ. ಇಷ್ಟಕ್ಕೆ ನನ್ನ ತಲೆಗೂದಲು ಅರ್ಧ ಉದುರಿದೆ.

ನಾನಂತೂ ತಯಾರಿದ್ದೇನೆ. ಉಪ್ಪಿನಬೆಟಗೇರಿಯ ಸಿದ್ದಪ್ಪ ಮಾವ ಹೊಸ ಅವರೆಕಾಳು ಕಳಿಸಿದ್ದಾನೆ. ಕಾಳು ಅರೆದು, ಸೋಸಿ, ಒಣಗಿಸಿ, ಲೆಕ್ಟಿನ್‌ನ ಬಿಳಿ ಪುಡಿ ಮಾಡಿಟ್ಟಾಗಿದೆ. ಅದನ್ನು ತೂಗಲು ನನ್ನದೇ ಒಂದು ಪುಟ್ಟ ಉಕ್ಕಿನ ಚಮಚವಿದೆ. ಸೇರಿದ ವರ್ಷ ಮೇಡಂ ಕೊಟ್ಟಿದ್ದು. ಪಕ್ಕದ ಮೇಜಿನ ಅಂಬರೀಷನಿಗೆ ಕಂಡದ್ದನ್ನೆಲ್ಲ ಎತ್ತಿಕೊಳ್ಳುವ ಅಭ್ಯಾಸ. ಹಾಗಾಗಿ ಅದು ಯಾವಾಗಲೂ ನನ್ನ ಏಪ್ರನ್ನಿನ ಕಿಸೆಯಲ್ಲೇ ಇರುತ್ತದೆ.

ಜೂನ್ 6, ಗುರುವಾರ

ಬೆಳಗ್ಗೆ ಲ್ಯಾಬಿಗೆ ಬಂದರೆ ಬಾಗಿಲಲ್ಲೇ ಅಲ್ಲಾಸಾಬ ಕಾಕಾ ನಿಂತಿದ್ದರು. ಬಾಟಲಿ, ಗಾಜಿನ ಸಾಮಾನು ತೊಳೆದು ಕಾಯುವವರು ಇವರು. ಉಮಾಶ್ರೀ ಮೇಡಂ ಇವರಿಗೆ ದೊಡ್ಡ ಮೇಡಂ, ನಾನು ಸಣ್ಣ ಮೇಡಂ.

“ದರ್ಗಾಕ್ಕ ಹೋಗಿ ಸಕ್ಕರಿ ಓದಿಸ್ಕೊಂಡ ಬಂದೇನ್ರಿ, ಸಣ್ಣ ಮೇಡಂ. ನಿಮ್ಮ ನೀಲಿ ಬರ್ಲಿ ಅಂತ” ಎಂದು ನನ್ನ ಅಂಗೈಗೆ ಒಂದು ಚಿಟಿಕೆ ಸಕ್ಕರೆ ಹಾಕಿದರು.

ನಮ್ಮ ಕಡೆ ಇದೊಂದು ಸರ್ವರೋಗ ನಿವಾರಕ. ಎಮ್ಮೆ ಹಾಲು ಕೊಡದಿದ್ದರೆ, ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ, ಹುಡುಗಿಗೆ ವರ ಸಿಗದಿದ್ದರೆ, ಯಾವ ಜಾತಿಯವರೇ ಇರಲಿ, ಸಕ್ಕರೆ ಊದಿನಕಡ್ಡಿ ಒಯ್ದು ದರ್ಗಾದಲ್ಲಿ ಅದರ ಮೇಲೆ ಪ್ರಾರ್ಥನೆ ಓದಿಸಿ ಎಲ್ಲರಿಗೂ ಹಂಚುತ್ತಾರೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಅದೂ ಅಲ್ಲದೆ ಸಂಶೋಧನೆಯ ಎರಡನೇ ವರ್ಷದಿಂದ ನಾನು ಸಕ್ಕರೆ ತಿನ್ನುವುದನ್ನೇ ಬಿಟ್ಟಿದ್ದೇನೆ, ಚಹಾಕ್ಕೂ ಹಾಕುವುದಿಲ್ಲ. ದಿನವಿಡೀ ಅದರ ಜೊತೆ ಗುದ್ದಾಡುವವಳಿಗೆ ಅದನ್ನು ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ.

ಆದರೆ ಅಂಗೈಯಲ್ಲಿದ್ದ ಸಕ್ಕರೆಗೆ ಏನು ಮಾಡಬೇಕು? ಪ್ರಸಾದ, ಒಲ್ಲೆ ಅನ್ನುವ ಹಾಗಿಲ್ಲ. ಚೆಲ್ಲುವ ಹಾಗಿಲ್ಲ. ತಿನ್ನೋಣವೆಂದರೆ ಮೇಡಂ ಕಾಯಿದೆ: ಲ್ಯಾಬಿನೊಳಗೆ ಚಹಾ ಇಲ್ಲ, ಚೂಡಾ ಇಲ್ಲ, ದೇವರೂ ಇಲ್ಲ. ಆಯುಧಪೂಜೆಗೆ ಯಂತ್ರಕ್ಕೆ ಕುಂಕುಮ ಹಚ್ಚಿದನೆಂದು ಅಂಬರೀಷನನ್ನು ಒಂದು ವಾರ ಮಾತಾಡಿಸಿರಲಿಲ್ಲ. ಕಾಕಾ ಬೇರೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡೆ. ಅವರಿಗೂ ಸಮಾಧಾನ, ಕಾಯಿದೆಗೂ ಸಮಾಧಾನ.

ಜೂನ್ 7, ಶುಕ್ರವಾರ

ನಿನ್ನೆ ತಿಳಿ. ಇವತ್ತೂ ತಿಳಿ. ಒಳ್ಳೆಯ ಕೋಶ, ಕೆಟ್ಟ ಕೋಶ, ಎಲ್ಲೋ ಒಂದಿಷ್ಟು ನೀಲಿಯ ಛಾಯೆ ಬಿಟ್ಟರೆ ಎಲ್ಲ ಗುಣಿಯೂ ಬಾವಿ ನೀರಿನ ಹಾಗೆ ತಿಳಿ. ಬಾತುಕೋಳಿಗಳೇ, ಥೂ.

ಜೂನ್ 10, ಸೋಮವಾರ

ತಪ್ಪು ಕಾಳಿನದೇ ಇರಬೇಕು ಎಂದು ಬೆಳಗ್ಗೆ ಸಿದ್ದಪ್ಪ ಮಾವನಿಗೆ ಫೋನ್ ಮಾಡಿ, ಕಾಳು ಹಳೆಯವೇನೋ ಎಂದು ಕೇಳಿದೆ. ಮಾವ ಉರಿದೆದ್ದ. ಅವನ ಹೊಲದ ಕಾಳು ತಿಂದು ಇವತ್ತಿನ ತನಕ ಯಾರೂ ತಕರಾರು ತೆಗೆದಿಲ್ಲವಂತೆ, ಬೀಗರು ಸಹ. ನಾನು ತಿನ್ನುವುದಿಲ್ಲ ಮಾವಾ, ಪ್ರಯೋಗ ಮಾಡುತ್ತೇನೆ ಅಂದೆ. ಮತ್ತ ಅದಕ್ಕೇ ಕೆಟ್ಟಾವ ಅಂದ.

ಮನೆಯಲ್ಲಿ ನಾನು ಮತ್ತು ಆಯಿ ಇಬ್ಬರೇ. ಆಯಿ ಎಂದರೆ ನಮ್ಮವ್ವನ ತಾಯಿ, ದಾನವ್ವ. ಇಷ್ಟು ವರ್ಷ ನನ್ನ ಸಂಶೋಧನೆ ಕೇಳಿಸಿಕೊಂಡು ಅವಳು ಓಣಿಯವರಿಗೆ ಕೊಡುವ ಸಾರಾಂಶ, ‘ನಮ್ಮ ಶಾಂಭವಿ ಕಾಳಿಗೆ ಬಣ್ಣಾ ಹಚ್ಚತಾಳ.’ ಇವತ್ತು ನಾನು ಆಟೋ ಹತ್ತುವಾಗ ಸೋಮವಾರದ ಪೂಜೆಯ ಸಕ್ಕರೆ ಹಿಡಿದು ಓಡೋಡಿ ಬಂದಳು. ಆಟೋದವನು ಹಾರ್ನ್ ಹೊಡೆಯುತ್ತಿದ್ದ. ತೋಳಿನ ಮೇಲೆ ಏಪ್ರನ್ ಇತ್ತು, ಅದರ ಕಿಸೆಗೇ ಸುರಿದುಕೊಂಡೆ. ಆಯಿ ಅಲ್ಲೇ ತಿನ್ನು ಅನ್ನುತ್ತಿದ್ದಳು. ಅಷ್ಟರಲ್ಲಿ ಆಟೋ ಹೊರಟಿತು.

ಸಂಜೆ: ತಿಳಿ.

ಜೂನ್ 13, ಗುರುವಾರ

ಕಾಳಿನದಲ್ಲ, ಅಂಬರೀಷನದೇ ತಪ್ಪು. ಅವನು ಕೆಲಸ ಮಾಡುವಾಗ ಸಿಳ್ಳೆ ಹಾಕುತ್ತಾನೆ, ಪ್ಲೇಟಿನ ಮೇಲೆ ಉಗುಳು ಸಿಡಿಯುತ್ತದೆ, ಉಗುಳಿನಲ್ಲೂ ಟೊಂಗೆಯ ಪ್ರೋಟೀನುಗಳಿವೆ. ವೈಜ್ಞಾನಿಕ ಕಾರಣ. ಅವನನ್ನು ಮಧ್ಯಾಹ್ನದವರೆಗೆ ಹೊರಗೆ ಹಾಕಿದೆ. ಪಾಪ, ಮೆಟ್ಟಿಲ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದ.

ನನ್ನ ಸಪ್ಪೆ ಮುಖ ಅಲ್ಲಾಸಾಬ ಕಾಕಾ ಕಣ್ಣಿಗೂ ಬಿದ್ದಿದೆ. ಹೋದ ವಾರದ ಸಕ್ಕರೆ ಕಡಿಮೆಯಾಯಿತೇನೋ ಎಂದು ಈ ವಾರ ಅರ್ಧ ಕಿಲೋ ಓದಿಸಿದ್ದಾರೆ. ಅದೂ ಬರಿಗಾಲಲ್ಲಿ ಹೋಗಿ. ಈಗ ಚಿಟಿಕೆಯಲ್ಲ, ಮುಷ್ಟಿ. ಕಿಸೆ ಭಾರವಾಗಿದೆ. ಇಂಥವರ ಮುಂದೆ ನಂಬಿಕೆ ಇಲ್ಲ ಅನ್ನುವುದು ಹೇಗೆ?

ಅಂಬರೀಷ ಇಲ್ಲದೆಯೂ ತಿಳಿಯೇ. ಮೊದಲಾದರೂ ಒಂದಿಷ್ಟು ನೀಲಿಯ ಛಾಯೆ ಇರುತ್ತಿತ್ತು. ಇವತ್ತು ಅದೂ ಇಲ್ಲ. ಅಂಬರೀಷನಿಗೆ ಕ್ಷಮೆ ಕೇಳಿದೆ. ಅವನು ನನಗೂ ಒಂದು ಭಜಿ ಕೊಟ್ಟ.

ಜೂನ್ 18, ಮಂಗಳವಾರ

ನೀಲಿ! ನೀಲಿ! ಬಾತುಕೋಳಿಗಳೇ, ಕಡುನೀಲಿ!

ಬಕ್ರೀದಿಗೆಂದು ಅಲ್ಲಾಸಾಬ ಕಾಕಾ ರಜೆ ಹಾಕಿದ್ದಾರೆ. ಇಲ್ಲದಿದ್ದರೆ ಅವರಿಗೇ ಮೊದಲು ತೋರಿಸುತ್ತಿದ್ದೆ. ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಒಂದ ಆತು. ಇನ್ನ ಎರಡ” ಅಂದರು. ಹೊಗಳುವುದು ಅವರ ಜಾಯಮಾನವಲ್ಲ, ಆದರೆ ಇವತ್ತು ಧ್ವನಿ ಮೆತ್ತಗಿತ್ತು.

ಇವತ್ತು ಬೇರೆ ಏನಿತ್ತು ಎಂದು ಯೋಚಿಸಿದೆ. ಅದೇ ಪುಡಿ, ಅದೇ ಪ್ಲೇಟು, ಅದೇ ನಾನು. ಏಪ್ರನ್ ಹೊಲಸಾಗಿದೆ ಎಂದು ಮೇಡಂ ಬೈದದ್ದಕ್ಕೆ ಆಯಿ ಅದನ್ನು ಭಾನುವಾರ ಬಿಸಿನೀರಲ್ಲಿ ಹಾಕಿ ಒಗೆದು ಇಸ್ತ್ರಿ ಮಾಡಿಸಿದ್ದಳು. ನಿನ್ನೆ ರಜೆ, ಹಾಗಾಗಿ ಸೋಮವಾರದ ಗಡಿಬಿಡಿ ಇರಲಿಲ್ಲ, ಸಕ್ಕರೆ ಮನೆಯಲ್ಲೇ ಉಳಿಯಿತು. ಉಳಿದದ್ದು ಒಂದೇ, ನಾನು ಹಸಿರು ಚೂಡಿದಾರ ಹಾಕಿದ್ದೆ. ಇದನ್ನು ನಾನು ನಂಬುತ್ತೇನೆ ಎಂದಲ್ಲ. ಸುಮ್ಮನೆ ಗಮನಿಸಿದೆ. ವಿಜ್ಞಾನಿ ಎಲ್ಲವನ್ನೂ ಗಮನಿಸಬೇಕು.

ಜೂನ್ 20, ಗುರುವಾರ

ಹಸಿರು ಚೂಡಿದಾರ ಹಾಕಿದ್ದೆ. ನಿನ್ನೆ ರಾತ್ರಿ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ.

ಅಲ್ಲಾಸಾಬ ಕಾಕಾ ಸುದ್ದಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡರು. ಹರಕೆ ಮುಟ್ಟಿತು ಎಂದು ಹಬ್ಬದ ದಣಿವಿನಲ್ಲೂ ದರ್ಗಾಕ್ಕೆ ಹೋಗಿ ಒಂದು ಕಿಲೋ ಓದಿಸಿ ತಂದಿದ್ದರು. ಅಂಬರೀಷನಿಗೆ ಕೊಟ್ಟರು. ಬೂಷ್ಟಿನ ಪ್ರೊಫೆಸರರು ಮತ್ತೆ ಅಳತೆಗೆಂದು ಬಂದಿದ್ದರು, ಅವರಿಗೂ ಕೊಟ್ಟರು. ನನಗೆ ಎರಡು ಮುಷ್ಟಿ.

ತಿಳಿ.

ಮನೆಗೆ ಬರುವಾಗ ಇನ್ನೂ ಎರಡು ಹಸಿರು ಚೂಡಿದಾರ ಕೊಂಡೆ. ರಿಯಾಯಿತಿ ಇತ್ತು.

ಜೂನ್ 22, ಶನಿವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಪ್ರಯೋಗದ ವಿವರ ಬರೆಯುವಾಗ ಕೋಣೆಯ ಉಷ್ಣತೆ, ದ್ರಾವಣದ ಆಮ್ಲತೆ ಎಲ್ಲ ಬರೆದ ಮೇಲೆ ನನ್ನ ಕೈ ತನ್ನಷ್ಟಕ್ಕೆ ‘ಚೂಡಿದಾರ: ಹಸಿರು’ ಎಂದು ಬರೆದಿತ್ತು. ಮೇಡಂ ಓದಿದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಅವರು ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

“ಶಾಂಭವಿ, ನೀ ನನ್ನ ಕಡೀ ವಿದ್ಯಾರ್ಥಿ” ಅಂದರು. “ನೀಲಿ ಬರ್ಲಿಲ್ಲಂದ್ರ ಬರ್ಲಿಲ್ಲ. ಆದ್ರ ಯಾಕ ಬರ್ಲಿಲ್ಲ ಅಂತ ಹುಡುಕೂದು ಬಿಟ್ಟು, ಹಿಂಗ ಅಂಜಿಕೋತ ನಿಂದರಬ್ಯಾಡ. ನಾ ಕಲಿಸಿದ್ದು ಇಷ್ಟ.”

ನನಗೆ ಅಳು ಬಂತು. ನೀಲಿ ಬರದದ್ದಕ್ಕಲ್ಲ. ಇವರು ಹೋದ ಮೇಲೆ ನನ್ನ ಪುಸ್ತಕ ಓದಿ ಹೀಗೆ ಬೇಸರ ಮಾಡಿಕೊಳ್ಳುವವರು ಯಾರೂ ಇರುವುದಿಲ್ಲವಲ್ಲ ಎಂದು ಅಳು ಬಂತು. ಈ ಹೆಂಗಸನ್ನು ನಾನು ಎಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ! ಪ್ರೀತಿಯೂ ಅಷ್ಟೇ ಇತ್ತೆಂದು ಇವತ್ತು ಗೊತ್ತಾಯಿತು.

ಹಸಿರು ಚೂಡಿದಾರ ಮೂರನ್ನೂ ಪೆಟ್ಟಿಗೆಯಲ್ಲಿಟ್ಟೆ.

ಜೂನ್ 25, ಮಂಗಳವಾರ

ನನಗಿಂತ ಇರುವೆಗಳಿಗೆ ಮೊದಲು ಪಿಎಚ್‌ಡಿ ಕೊಡಬೇಕು.

ರಾತ್ರಿಯಿಡೀ ಮಳೆ. ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆದರೆ ಕಿಟಕಿ ಸಂದಿಯಿಂದ ಕೆಂಪಿರುವೆಗಳ ಸಾಲು ಹೊರಟಿತ್ತು. ಗೋಡೆ ಹಿಡಿದು ಏಪ್ರನ್ ತೂಗುಹಾಕುವ ಗೂಟದವರೆಗೆ, ಅಲ್ಲಿಂದ ಇಳಿದು ಸೀದಾ ನನ್ನ ಕಿಸೆಯೊಳಕ್ಕೆ. ನಾನು ಬೈದುಕೊಳ್ಳುತ್ತ ಕಿಸೆಯನ್ನು ಹೊರಳಿಸಿದೆ. ಪುಡಿಯಾದ ಸಕ್ಕರೆ ಉದುರಿತು. ಅದರ ಜೊತೆ ನನ್ನ ಉಕ್ಕಿನ ಚಮಚ. ಅದರ ಕುತ್ತಿಗೆಯ ಸುತ್ತ ಬಿಳಿಯ ಅಂಟು, ಅಂಟಿನ ಮೇಲೆ ನಾಲ್ಕಾರು ಇರುವೆ.

ಚಮಚ ಹಿಡಿದು ಹಾಗೇ ನಿಂತುಬಿಟ್ಟೆ. ಇದೇ ಚಮಚದಿಂದ ಲೆಕ್ಟಿನ್ ಪುಡಿ ತೂಗಿದ್ದೇನೆ. ಸಾಸಿವೆಯಷ್ಟು ಪುಡಿ ಬೇಕಾದಲ್ಲಿ ಅದಕ್ಕಿಂತ ಹೆಚ್ಚು ಸಕ್ಕರೆ ಬಿದ್ದಿದೆ. ಅದೂ ಬಿಳಿ, ಇದೂ ಬಿಳಿ. ಸಕ್ಕರೆ ಕಂಡರೆ ಹಿಡಿಯುವ ಲೆಕ್ಟಿನ್ ಕೋಶದ ಟೊಂಗೆ ಮುಟ್ಟುವ ಮೊದಲೇ ನನ್ನ ಕಿಸೆಯ ಸಕ್ಕರೆಯನ್ನು ಬಾಚಿಕೊಂಡು ಕೂತಿದೆ. ಎರಡೂ ಕೈ ತುಂಬಿದ ಮೇಲೆ ಅದು ಟೊಂಗೆ ಹಿಡಿಯುವುದು ಹೇಗೆ? ನಾನು ಸೋತಷ್ಟೂ ಕಾಕಾ ಸಕ್ಕರೆ ಹೆಚ್ಚಿಸಿದರು, ಅವರು ಹೆಚ್ಚಿಸಿದಷ್ಟೂ ನಾನು ಸೋತೆ. ಏಪ್ರನ್ನೂ ಅದರ ಕಿಸೆಯ ಚಮಚವೂ ಬಿಸಿನೀರು ಕಂಡು, ಕಾಕಾ ರಜೆಯಲ್ಲಿದ್ದ ದಿನ ಮಾತ್ರ ನೀಲಿ. ಕೋಶದ ಸಕ್ಕರೆಯ ಟೊಂಗೆ ಎಣಿಸುವವಳಿಗೆ ಸ್ವಂತ ಕಿಸೆಯ ಸಕ್ಕರೆ ಕಾಣಲಿಲ್ಲ.

ಮೇಡಂ ಬಂದರು. ಎಲ್ಲ ಹೇಳಿದೆ. ಮೊದಲು ಹಣೆ ಹಣೆ ಬಡಿದುಕೊಂಡರು, ಲ್ಯಾಬಿಗೆ ಪ್ರಸಾದ ತರುವ ನಾನು ಎಂಥ ವಿಜ್ಞಾನಿ ಎಂದು ಶುರು ಮಾಡಿದರು. ಆಗಲೇ ನಾನು ಗಮನಿಸಿದ್ದು: ಇರುವೆಗಳ ಸಾಲು ನನ್ನ ಗೂಟದ ಹತ್ತಿರ ಎರಡಾಗಿ ಒಡೆದಿತ್ತು. ಇನ್ನೊಂದು ಸಾಲು ಪಕ್ಕದ ಗೂಟಕ್ಕೆ ಹೋಗಿತ್ತು. ಅಲ್ಲಿದ್ದದ್ದು ಮೇಡಂ ಏಪ್ರನ್.

ನಾನು ಬೆರಳು ಮಾಡಿ ತೋರಿಸಿದೆ. ಮೇಡಂ ಮಾತು ನಿಂತಿತು. ನಿಧಾನವಾಗಿ ಹೋಗಿ ತಮ್ಮ ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದರು, ಇನ್ನೊಂದು ತೆಗೆದರು, ಮತ್ತೊಂದು.

“ಅಲ್ಲಾಸಾಬ ಕೊಟ್ಟಿದ್ದು. ನಿನ್ನ ಸಲುವಾಗಿ ಓದಿಸಿದ್ದಂತ” ಅಂದರು. “ಚೆಲ್ಲಾಕ ಮನಸ್ಸಾಗಲಿಲ್ಲ.”

ಚಹಾ ಇಲ್ಲ, ಚೂಡಾ ಇಲ್ಲ, ದೇವರೂ ಇಲ್ಲ. ನಾನು ಅವರ ಪೊಟ್ಟಣ ನೋಡಿದೆ. ಅವರು ನನ್ನ ಕಿಸೆ ನೋಡಿದರು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಂಬರೀಷ ಒಳಗೆ ಬಂದಾಗ ದೊಡ್ಡ ಮೇಡಂ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಹೆದರಿ ಹಾಗೇ ಹೊರಗೆ ಹೋದ.

ಅಲ್ಲಾಸಾಬ ಕಾಕಾಗೆ ಈ ವಿಷಯ ಹೇಳುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ಬರಿಗಾಲಲ್ಲಿ ನಡೆದ ಮನುಷ್ಯನಿಗೆ ನಿಮ್ಮ ಹರಕೆಯೇ ಕೆಡಿಸಿತು ಅನ್ನುವ ಬಾಯಿ ನಮಗಿಲ್ಲ.

ಜೂನ್ 26, ಬುಧವಾರ

ಲ್ಯಾಬಿನ ಏಪ್ರನ್ನುಗಳನ್ನೆಲ್ಲ ಗಂಟು ಕಟ್ಟಿ ಟೇಲರ್ ಹುಸೇನಬಾಷಾ ಹತ್ತಿರ ಒಯ್ದು, ಎಲ್ಲ ಕಿಸೆ ಹೊಲಿದು ಮುಚ್ಚಲು ಹೇಳಿದೆ. ಅವರು ಹೊಲಿಗೆ ನಿಲ್ಲಿಸಿ ನನ್ನನ್ನು ನೋಡಿದರು. ಕಿಸೆ ಹರಿದದ್ದು ತರುವವರಿದ್ದಾರೆ, ಕಿಸೆ ಹಚ್ಚಿಸುವವರಿದ್ದಾರೆ, ಇರುವ ಕಿಸೆ ಮುಚ್ಚಿಸುವವರನ್ನು ಇವತ್ತೇ ಕಂಡರಂತೆ. ಕಳ್ಳತನವೇನಾದರೂ ಆಯಿತೇ ಎಂದು ಮೆಲ್ಲಗೆ ಕೇಳಿದರು. ಹೌದು ಅಂದೆ. ಯಾರು ಎಂದರು. ಇರುವೆ ಅಂದೆ.

ಆಯಿಗೆ ಹೇಳಿದೆ, ಅವಳ ಸಕ್ಕರೆಯೂ ಕಿಸೆಯಲ್ಲಿ ಉಳಿದು ಪ್ರಯೋಗ ಕೆಡಿಸಿತು ಎಂದು. ಅವಳಿಗೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ. “ತಿನ್ನು ಅಂತ ಕೊಟ್ಟಿದ್ದನ್ನ ಕಿಸೇದಾಗ ಇಟ್ಟರ ದೇವರರ ಏನ ಮಾಡ್ಯಾನು?” ಅಂದಳು.

ಜೂನ್ 27, ಗುರುವಾರ

ಬಾಗಿಲಲ್ಲಿ ಅಲ್ಲಾಸಾಬ ಕಾಕಾ. ಅಂಗೈಯಲ್ಲಿ ಸಕ್ಕರೆ. ನನ್ನ ಕೈ ತಾನಾಗಿಯೇ ಕಿಸೆಗೆ ಹೋಯಿತು, ಹೊಲಿಗೆಗೆ ತಾಗಿ ನಿಂತಿತು. ಕಾಕಾ ನೋಡುತ್ತಿದ್ದರು. ಒಲ್ಲೆ ಅನ್ನುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ. ಹೊಸ್ತಿಲ ಹೊರಗೇ ನಿಂತು ಬಾಯಿಗೆ ಹಾಕಿಕೊಂಡೆ. ಎಷ್ಟೋ ವರ್ಷದ ಮೇಲೆ ಸಕ್ಕರೆ. ನಾಲಿಗೆಗೆ ಗಾಬರಿಯಾಯಿತು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಹೊಸ ಚಮಚ ಹಿಡಿದು ಒಳಗೆ ಹೋದೆ.

ಸಂಜೆ ಕಡುನೀಲಿ. ಕಾಕಾನನ್ನು ಕರೆದು ತೋರಿಸಿದೆ. ಅವರು ಪ್ಲೇಟನ್ನು ದೂರದಿಂದಲೇ ನೋಡಿ, “ಭಾಳ ಛಲೋ ಬಣ್ಣ ಐತ್ರಿ” ಅಂದರು.

ಜೂನ್ 29, ಶನಿವಾರ

ನಿನ್ನೆ ಮೂರನೆಯದೂ ನೀಲಿ. ರಾತ್ರಿಯೇ ಪತ್ರಿಕೆಗೆ ಕಳಿಸಿದೆವು. ಸೋತ ಪ್ರಯೋಗಗಳಿಗೂ ಗೆದ್ದವುಗಳಿಗೂ ಏನು ವ್ಯತ್ಯಾಸ ಎಂದು ಬರೆಯಬೇಕಿತ್ತು. ಏನಾದರೂ ದೊಡ್ಡ ಮಾತು ಹುಡುಕುತ್ತಿದ್ದೆ. ಮೇಡಂ ಖರೇದ್ದು ಬರಿ ಅಂದರು. ‘ಏಪ್ರನ್ನಿನ ಕಿಸೆಗಳನ್ನು ಹೊಲಿದು ಮುಚ್ಚಲಾಯಿತು’ ಎಂದು ಇಂಗ್ಲಿಷಿನಲ್ಲಿ ಬರೆದೆ.

ಇವತ್ತು ಮೇಡಂಗೆ ಬೀಳ್ಕೊಡುಗೆ. ಹಾರ, ಶಾಲು, ಪೇಡೆ, ಭಾಷಣ. ಬೂಷ್ಟಿನ ಪ್ರೊಫೆಸರರು ಬಹಳ ಚೆನ್ನಾಗಿ ಮಾತಾಡಿದರು. ಫ್ರಿಜ್ಜಿನ ಒಂದು ಅಂತಸ್ತು ನನಗೇ ಬಿಡುತ್ತಾರಂತೆ. ಎಲ್ಲ ಮುಗಿದ ಮೇಲೆ ಮೇಡಂ ತಮ್ಮ ಏಪ್ರನ್ ಮಡಚಿ ಚೀಲದಲ್ಲಿಟ್ಟುಕೊಂಡರು. ಅದನ್ನು ಲ್ಯಾಬಿನಲ್ಲೇ ಬಿಡಬಹುದಲ್ಲ ಎಂದೆ, ನನಗೆ ಬೇಕಿತ್ತು. ಅವರು ಕೊಡಲಿಲ್ಲ. ಹುಸೇನಬಾಷಾ ಹತ್ತಿರ ಹೋಗಿ ಕಿಸೆ ಬಿಚ್ಚಿಸುತ್ತಾರಂತೆ. ಇನ್ನು ಅವರಿಗೆ ಯಾವ ಕಾಯಿದೆ?

ಗೇಟಿನವರೆಗೆ ಹೋಗಿ ಬಿಟ್ಟು ಬಂದೆ. ಗೂಟ ಖಾಲಿ ಇದೆ. ಬಹಳ ಖಾಲಿ ಇದೆ.

ಜುಲೈ 4, ಗುರುವಾರ

ಬೆಳಗ್ಗೆ ಬಾಗಿಲಲ್ಲಿ ಅಲ್ಲಾಸಾಬ ಕಾಕಾ ಇರಲಿಲ್ಲ. ಒಳಗೆ ಬಾಟಲಿ ತೊಳೆಯುತ್ತಿದ್ದರು. ನಾನು ಎರಡು ಸಲ ಆಚೆ ಈಚೆ ಓಡಾಡಿದೆ, ಗಂಟಲು ಸರಿ ಮಾಡಿಕೊಂಡೆ. ಕೊನೆಗೆ ಈ ವಾರ ಸಕ್ಕರೆ ಇಲ್ಲವೇ ಎಂದು ಕೇಳಿದೆ.

“ಕೆಲಸ ಆತಲ್ರಿ, ಸಣ್ಣ ಮೇಡಂ” ಅಂದರು.

“ವೈವಾ ಇನ್ನೂ ಐತಲ್ರಿ, ಕಾಕಾ.”

ಅವರು ಕೈ ಒರೆಸಿಕೊಂಡು ನನ್ನನ್ನೇ ನೋಡಿದರು. ಸಂಜೆ ಹೋಗುವುದಾಗಿ ಹೇಳಿದರು. ನನಗೂ ಆ ಕಡೆ ಸ್ವಲ್ಪ ಕೆಲಸವಿತ್ತು, ಏನು ಕೆಲಸವೆಂದು ಈಗ ನೆನಪಾಗುತ್ತಿಲ್ಲ. ಜೊತೆಗೇ ಹೋದೆ. ಸಕ್ಕರೆ, ಊದಿನಕಡ್ಡಿ ನಾನೇ ಕೊಂಡೆ. ಓದಿದವರು ನನ್ನ ಹೆಸರು ಕೇಳಿದರು. ಹೇಳಿದೆ, ಜೊತೆಗೆ ಉಮಾಶ್ರೀ ಮೇಡಂ ಹೆಸರನ್ನೂ ಹೇಳಿದೆ. ಅಂಗೈಗೆ ಸಕ್ಕರೆ ಬಿತ್ತು. ತಿಂದೆ. ಸ್ವಲ್ಪ ಕಾಗದದಲ್ಲಿ ಕಟ್ಟಿಕೊಂಡೆ, ಮೇಡಂಗೆ ಕೊಡಲು. ನಾಳೆಯೇ ಹೋಗಬೇಕು.

ಬಾತುಕೋಳಿಗಳೇ, ದಾಖಲೆಗೆ ಬರೆದಿಡುತ್ತೇನೆ: ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಏಪ್ರನ್ನಿಗೆ ಕಿಸೆ ಇಲ್ಲ, ಅದಕ್ಕೇ ತಿಂದೆ. ಏಪ್ರನ್ ಹಾಕಿರಲಿಲ್ಲ, ಹೆಗಲಿಗೆ ಬ್ಯಾಗಿತ್ತು, ಖರೇ. ಆದರೆ ಅದರ ಜಿಪ್ ಕೆಟ್ಟಿದೆ.